ನಲವತ್ತು ಕಿಲೋ ಸ್ಪಂಜು

ಎಣ್ಣೆಯ ಶೀಷೆ, ಅಂಟಿನ ಶೀಷೆ ಎರಡೂ ಒಂದೇ ಎತ್ತರ, ಒಂದೇ ದಪ್ಪ. ಎರಡಕ್ಕೂ ಚೂಪು ಮೂತಿ, ಕೆಂಪು ಮುಚ್ಚಳ. ಅಕ್ಕಪಕ್ಕ ನಿಲ್ಲಿಸಿದರೆ ಹೆತ್ತವರೂ ಗುರುತು ಹಿಡಿಯಲಾರದ ಅವಳಿ ಮಕ್ಕಳು. ಒಂದರ ಮೇಲೆ ‘ಎಣ್ಣೆ’ ಎಂದೂ ಇನ್ನೊಂದರ ಮೇಲೆ ‘ಅಂಟು’ ಎಂದೂ ಚೀಟಿ ಹಚ್ಚಬೇಕೆಂದು ಕವಚದ ಮೇಷ್ಟ್ರು ಎರಡು ವರ್ಷದಿಂದ ಅಂದುಕೊಳ್ಳುತ್ತಲೇ ಇದ್ದರು.

ಮೇಷ್ಟ್ರು ಅಂದರೆ ಪಾಠ ಹೇಳುವ ಮೇಷ್ಟ್ರಲ್ಲ. ರಾಜ, ರಾಕ್ಷಸ, ಮಾಯಾವಿಗಳ ಸಿನಿಮಾ ತೆಗೆಯುವವರಿಗೆ ಕತ್ತಿ, ಗುರಾಣಿ, ಕಿರೀಟ, ಕವಚ ಮಾಡಿಕೊಡುವವರು. ಮೂರನೇ ಮಹಡಿಯ ಮನೆಯ ಹಿಂದಿನ ಕೋಣೆಯೇ ಅವರ ಕಾರ್ಖಾನೆ. ಚಪ್ಪಲಿಯ ಅಟ್ಟೆಗೆ ಹಾಕುವಂಥ ದಪ್ಪ ಸ್ಪಂಜಿನ ಹಾಳೆ ತಂದು, ಅಳತೆಗೆ ಕತ್ತರಿಸಿ, ಬಿಸಿಗಾಳಿ ಊದಿ ಬಗ್ಗಿಸಿ, ಮೇಲೆ ಕಪ್ಪು ಬಳಿದು, ಬೆಳ್ಳಿಬಣ್ಣದ ಪುಡಿಯನ್ನು ಹೆಬ್ಬೆರಳಲ್ಲಿ ತೀಡಿ ತೀಡಿ ಹಚ್ಚಿದರೆಂದರೆ ಸ್ಪಂಜು ತಾನು ಸ್ಪಂಜೆಂಬುದನ್ನೇ ಮರೆತುಬಿಡುತ್ತಿತ್ತು.

ಆದರೆ ಈ ಸಲದ ನಿರ್ದೇಶಕ ಸುಲಭಕ್ಕೆ ಬಗ್ಗುವ ಆಸಾಮಿಯಲ್ಲ. ಚಕ್ರವರ್ತಿಯ ಕವಚವನ್ನು ಎರಡು ಸಲ ವಾಪಸ್ಸು ಕಳಿಸಿದ್ದ. ಮೊದಲನೆಯದನ್ನು ನೋಡಿ, “ಇದು ಅಡಿಗೆ ಮನೇಲಿ ಚೆನ್ನಾಗಿರುತ್ತೆ” ಎಂದಿದ್ದ. ಎರಡನೆಯದನ್ನು ನೋಡಿ ಏನೂ ಅನ್ನದೆ ನಿಟ್ಟುಸಿರು ಬಿಟ್ಟಿದ್ದ. ಅದು ಇನ್ನೂ ಹೆಚ್ಚು ಚುಚ್ಚಿತ್ತು. ಮೂರನೆಯದು ಒಪ್ಪಿಗೆಯಾದರೆ ಚಕ್ರವರ್ತಿಯ ಸೈನ್ಯಕ್ಕೆ ಇನ್ನೂರು ಕವಚ ಮಾಡುವ ಕೆಲಸವೂ ಮೇಷ್ಟ್ರಿಗೇ. ಇಲ್ಲವಾದರೆ ಬೇರೆ ಯಾರೋ. ಅದನ್ನು ಇವತ್ತು ಮಧ್ಯಾಹ್ನ ಹನ್ನೆರಡಕ್ಕೆ ಸ್ಟುಡಿಯೋದಲ್ಲಿ ತೋರಿಸಬೇಕಿತ್ತು.

ಮೂರನೆಯ ಕವಚಕ್ಕೆ ಮೇಷ್ಟ್ರು ತಮ್ಮ ಮೂವತ್ತು ವರ್ಷದ ವಿದ್ಯೆಯನ್ನೆಲ್ಲ ಸುರಿದಿದ್ದರು. ಕಾದ ಚಮಚದಿಂದ ಒತ್ತಿ ಕತ್ತಿಯೇಟಿನ ಗುರುತು ಮೂಡಿಸಿದ್ದರು. ಹಳೆ ಅಂಗಿಗಳ ಗುಂಡಿ ಕಿತ್ತು ಕಬ್ಬಿಣದ ಮೊಳೆಗಳ ತಲೆ ಮಾಡಿದ್ದರು. ಅಡಿಗೆಮನೆಯ ಚಕ್ಕೆಪುಡಿಯನ್ನೆಲ್ಲ ಖಾಲಿ ಮಾಡಿ ಸಂದುಸಂದಿನಲ್ಲಿ ತುಕ್ಕು ಹಿಡಿಸಿದ್ದರು. ಬಡಿದರೆ ಸದ್ದು ಬರಲೆಂದು ಎದೆಯ ಒಳಗೆ ಕಾಗದದಷ್ಟು ತೆಳುವಾದ ಒಂದು ತಗಡನ್ನೂ ಅಡಗಿಸಿದ್ದರು. ನಿಜವಾದ ಲೋಹ ಅಂತ ಇದ್ದದ್ದು ಅದು, ಮತ್ತೆ ಪಕ್ಕೆಗಳಲ್ಲಿದ್ದ ನಾಲ್ಕು ಕೊಂಡಿ, ಅಷ್ಟೆ.

ಬೆಳಗ್ಗೆ ಹತ್ತಕ್ಕೆ ಮೇಷ್ಟ್ರು ಕೊನೆಯ ಸಲ ನೋಡೋಣವೆಂದು ಅದನ್ನು ತಾವೇ ತೊಟ್ಟರು. ನಾಯಕ ನಟರ ಅಳತೆಯೂ ಮೇಷ್ಟ್ರ ಅಳತೆಯೂ ಹೊಟ್ಟೆಯ ವಿಷಯದಲ್ಲಿ ಒಂದೇ. ಕನ್ನಡಿಯ ಮುಂದೆ ಎಡಕ್ಕೆ ತಿರುಗಿದರು, ಬಲಕ್ಕೆ ತಿರುಗಿದರು. ಕೊಂಡಿಗಳು ‘ಕಿರ್ರ್’ ಎಂದವು.

“ಇವಳೇ, ಆ ಎಣ್ಣೆ ಶೀಷೆ ತಂದು ಕೊಂಡಿಗೆ ಒಂದೊಂದು ತೊಟ್ಟು ಬಿಡು.”

ಹೆಂಡತಿ ತಂದರು. ಒಂದೊಂದು ತೊಟ್ಟು ಯಾಕೆ ಜಿಪುಣತನವೆಂದು ಎರಡೆರಡು ಬಿಟ್ಟರು. ಸದ್ದು ತಕ್ಷಣ ನಿಂತುಹೋಯಿತು. ಎಣ್ಣೆಗೆ ಇಷ್ಟು ಬೇಗ ನಿಲ್ಲುವ ಸದ್ದಲ್ಲವಲ್ಲ ಅದು ಎಂದು ಮೇಷ್ಟ್ರಿಗೆ ಅನುಮಾನ ಬರುವ ಹೊತ್ತಿಗೆ ನಾಲ್ಕೂ ಕೊಂಡಿಗಳು ಕಲ್ಲಾಗಿದ್ದವು.

“ಏನೇ ಹಾಕಿದೆ?”

“ನೀವು ಹೇಳಿದ್ದನ್ನೇ. ಕೆಂಪು ಮುಚ್ಚಳದ್ದು.”

“ಎರಡೂ ಕೆಂಪು ಮುಚ್ಚಳದ್ದೇ ಕಣೇ!”

“ಹಾಗಾದ್ರೆ ನನ್ನ ಮೇಲೆ ಯಾಕೆ ಕಣ್ಣು ಬಿಡ್ತೀರಿ? ಚಕ್ರವರ್ತಿಗೆ ತುಕ್ಕು ಹಿಡಿಸೋಕೆ ಪುರುಸೊತ್ತಿದೆ, ಒಂದು ಚೀಟಿ ಬರೆಯೋಕೆ ಇಲ್ಲ!”

ಅಂಟು ಬಿಡಿಸುವ ದ್ರಾವಣವೇನೋ ಕೋಣೆಯಲ್ಲೇ ಇತ್ತು. ಆದರೆ ಅದನ್ನು ಹಾಕಿದರೆ ಅಂಟಿಗಿಂತ ಮೊದಲು ಬಣ್ಣ ಬಿಡುತ್ತಿತ್ತು. ಕತ್ತರಿಸೋಣವೆಂದರೆ ಎರಡು ತಿಂಗಳ ಕೆಲಸ ಹಾಳು. ಮತ್ತೆ ಜೋಡಿಸಿ ಬಣ್ಣ ಹಚ್ಚಲು ಎರಡು ದಿನವಾದರೂ ಬೇಕು. ಮೇಷ್ಟ್ರು ಕೋಣೆಯೊಳಗೆ ನಾಲ್ಕು ಸುತ್ತು ತಿರುಗಿ ಒಂದು ತೀರ್ಮಾನಕ್ಕೆ ಬಂದರು: ತೊಟ್ಟುಕೊಂಡೇ ಹೋಗುವುದು. ನಿರ್ದೇಶಕ ಒಪ್ಪಿದ ಮೇಲೆ ಕತ್ತರಿಸಿದರಾಯಿತು.

“ನಾನೂ ಬರ್ತೀನಿ. ಈ ವೇಷದಲ್ಲಿ ಒಬ್ಬರನ್ನೇ ಕಳಿಸಿದ್ರೆ ಜನ ನನ್ನನ್ನ ಬೈತಾರೆ,” ಎಂದರು ಹೆಂಡತಿ.

ಭುಜದ ಮೇಲಿನ ಮುಳ್ಳುಗಳಿಂದಾಗಿ ಮೇಷ್ಟ್ರು ಬಾಗಿಲಲ್ಲಿ ನೇರಕ್ಕೆ ಹಿಡಿಸಲಿಲ್ಲ. ಏಡಿಯ ಹಾಗೆ ಅಡ್ಡಡ್ಡ ನಡೆದು ಹೊರಬಂದರು. ಬಂದು ಲಿಫ್ಟಿನ ಗುಂಡಿ ಒತ್ತಿದರೋ ಇಲ್ಲವೋ, ಎದುರು ಮನೆಯ ಬಾಗಿಲು ತೆರೆಯಿತು.

ಎದುರು ಮನೆಯವರು ನಿವೃತ್ತ ಇಂಜಿನಿಯರು. ಒಂದು ಕಾಲದಲ್ಲಿ ಸೇತುವೆ ಕಟ್ಟಿಸಿದವರು. ಈಗ ಕಟ್ಟಿಸಲು ಸೇತುವೆ ಇಲ್ಲದ್ದರಿಂದ ಕಟ್ಟಡದ ಕಾರ್ಯದರ್ಶಿಯಾಗಿ ಲಿಫ್ಟು, ನೀರಿನ ಟ್ಯಾಂಕು, ಬೇರೆಯವರ ಮನೆಯ ಚಪ್ಪಲಿ ಸ್ಟ್ಯಾಂಡು ಇವುಗಳ ಮೇಲೆ ಕಣ್ಣಿಟ್ಟಿದ್ದರು.

“ನಿಲ್ಲಿ ಮೇಷ್ಟ್ರೇ! ಇಷ್ಟು ಕಬ್ಬಿಣ ಲಿಫ್ಟಲ್ಲಿ ಹೋಗೋ ಹಾಗಿಲ್ಲ.”

“ಕಬ್ಬಿಣ ಅಲ್ಲ ಸಾರ್. ಸ್ಪಂಜು.”

ಇಂಜಿನಿಯರು ಕನ್ನಡಕ ಏರಿಸಿಕೊಂಡು ಹತ್ತಿರ ಬಂದರು. ಊರುಗೋಲಿಂದ ಎದೆಗೆ ಒಂದು ಪೆಟ್ಟು ಕೊಟ್ಟರು. ‘ಠಣ್’ ಎಂದಿತು.

“ಸ್ಪಂಜಿಗೆ ಈ ಸದ್ದು ಬರುತ್ತಾ? ನನ್ನ ಹತ್ರ ಹೇಳ್ತೀರಲ್ಲ!” ಉಗುರಿನಿಂದ ಸೊಂಟದ ಹತ್ತಿರ ಕೆರೆದು, ಬೆರಳ ತುದಿ ನೋಡಿ, ತಲೆಯಾಡಿಸಿದರು. “ತುಕ್ಕು. ಸಮುದ್ರದ ಗಾಳೀಲಿ ಹತ್ತು ವರ್ಷ ಬಿದ್ದಿರೋ ಮಾಲು. ಎಲ್ಲಿಂದ ತಂದ್ರಿ?”

“ಅದು ಚಕ್ಕೆಪುಡಿ ಸಾರ್. ಬೇಕಾದ್ರೆ ಮೂಸಿ ನೋಡಿ.”

“ನಲವತ್ತು ವರ್ಷ ಕಬ್ಬಿಣದ ಜೊತೆ ಬದುಕಿದವನು ನಾನು. ತುಕ್ಕನ್ನ ಮೂಸಿ ತಿಳ್ಕೋಬೇಕಾ? ನಲವತ್ತು ಕಿಲೋಗೆ ಒಂದು ಗ್ರಾಂ ಕಮ್ಮಿ ಇಲ್ಲ ಇದು. ಮೆಟ್ಟಿಲಲ್ಲಿ ಇಳೀರಿ. ಅಂಚಿಗೆ ಕಾಲಿಡಬೇಡಿ, ಕಲ್ಲು ಒಡೆಯುತ್ತೆ.”

ಮೇಷ್ಟ್ರಿಗೆ ಒಂದು ಕಡೆ ಸಿಟ್ಟು, ಇನ್ನೊಂದು ಕಡೆ ಹೊಟ್ಟೆಯೊಳಗೆ ಒಂಥರಾ ಸಿಹಿ. ಸೇತುವೆ ಕಟ್ಟಿಸಿದ ಇಂಜಿನಿಯರೇ ಮೋಸ ಹೋದರಲ್ಲ! ಆ ಸಿಹಿಯಲ್ಲೇ ಅವರು ಮೆಟ್ಟಿಲು ಇಳಿಯತೊಡಗಿದರು. ಹಿಂದೆ ಇಂಜಿನಿಯರು, “ನಿಧಾನ, ಭಾರವನ್ನ ಎರಡೂ ಕಾಲಿಗೆ ಹಂಚಿ” ಎನ್ನುತ್ತ ಬಂದರು. ಅವರ ಹಿಂದೆ ಹೆಂಡತಿ, ಕೊಂಡಿ ಬಿಗಿದುಕೊಂಡ ಕಥೆ ಹೇಳುತ್ತ.

ಎರಡನೇ ಮಹಡಿಯ ಅಕ್ಕ ಗದ್ದಲ ಕೇಳಿ ಹೊರಬಂದು ಕೆನ್ನೆಗೆ ಕೈ ಹಚ್ಚಿಕೊಂಡರು. “ಅಯ್ಯೋ, ಇದೇನಾಯ್ತು?”

“ಕಬ್ಬಿಣದೊಳಗೆ ಸಿಕ್ಕಿಹಾಕ್ಕೊಂಡಿದ್ದಾರೆ. ನಲವತ್ತು ಕಿಲೋ,” ಎಂದರು ಇಂಜಿನಿಯರು.

“ಪಾಪ, ಮುಖ ಹೇಗೆ ಬಾಡಿದೆ ನೋಡಿ!” ಎಂದವರೇ ಒಳಗೋಡಿ ಸಕ್ಕರೆ ನೀರು ತಂದು ಮೇಷ್ಟ್ರ ಬಾಯಿಗೆ ಹಿಡಿದರು.

ಅದನ್ನು ಕುಡಿದು ಮೇಷ್ಟ್ರು, “ಅಕ್ಕಾ, ಇದು ಹಗುರ ಕಣಕ್ಕ. ಒಂದು ಚೂರೂ ಭಾರ ಇಲ್ಲ. ನೋಡಿ ಬೇಕಾದ್ರೆ!” ಎಂದು ನಿಂತಲ್ಲೇ ಮೂರು ಸಲ ಜಿಗಿದು ತೋರಿಸಿದರು.

ಅಕ್ಕ ಎರಡು ಹೆಜ್ಜೆ ಹಿಂದೆ ಸರಿದರು. “ಅಬ್ಬಬ್ಬಾ! ನಲವತ್ತು ಕಿಲೋ ಹೊತ್ಕೊಂಡು ಹೀಗೆ ಕುಣೀತಾರಲ್ಲ! ನಮ್ಮನೆಯವರು ಒಂದು ನೀರಿನ ಕ್ಯಾನ್ ಎತ್ತಿದ್ರೆ ಎರಡು ದಿನ ಮಲಗ್ತಾರೆ.”

“ನೋಡೋಕೆ ಹಾಗೆ ಕಾಣಲ್ಲ, ಆದ್ರೆ ಮೊದಲಿಂದ ಗಟ್ಟಿ ಆಳು,” ಎಂದರು ಇಂಜಿನಿಯರು, ತಾವೇ ಬೆಳೆಸಿದಂತೆ.

ಮೇಷ್ಟ್ರು ಜಿಗಿಯುವುದನ್ನು ಬಿಟ್ಟರು.

ಕೆಳಗಿಳಿಯುವ ಹೊತ್ತಿಗೆ ಅವರ ಹಿಂದೆ ಎಂಟು ಹತ್ತು ಜನ. ಕಟ್ಟಡದ ಬುಡದಲ್ಲೇ ವೆಲ್ಡಿಂಗ್ ಅಂಗಡಿ. ಅಂಗಡಿಯವನು ಮೂರು ತಿಂಗಳಿಂದ ಕಿಟಕಿ ಸರಳು ಬಿಟ್ಟರೆ ಬೇರೇನೂ ಕಾಣದೆ ಬೇಸತ್ತು ಕೂತಿದ್ದ. ಇಂಥದ್ದೊಂದು ಕಬ್ಬಿಣ ತಾನಾಗಿಯೇ ನಡೆದು ಬರುವುದನ್ನು ನೋಡಿ ಅವನ ಮುಖ ದೀಪ ಹಚ್ಚಿದಂತಾಯಿತು.

“ಕೊಂಡಿ ಜಾಮ್ ಆಗಿದೆ ಅಷ್ಟೆ ತಾನೆ ಮೇಷ್ಟ್ರೇ? ಎರಡು ನಿಮಿಷ. ಗ್ಯಾಸಲ್ಲಿ ಕೊಯ್ದು ಬಿಸಾಕ್ತೀನಿ.” ಭುಸ್ಸೆಂದು ನೀಲಿ ಉರಿ ಹೊತ್ತಿತು.

“ಬೇಡ! ಬೇಡ ಮಾರಾಯ! ಇದು ಸ್ಪಂಜು! ಬೆಂಕಿ ಸೋಕಿದ್ರೆ ನಾನೇ ಹೊತ್ತಿಕೊಂಡು ಉರೀತೀನಿ!”

“ಗಾಬರಿಗೆ ಏನೇನೋ ಮಾತಾಡ್ತಿದ್ದಾರೆ,” ಎಂದರು ಇಂಜಿನಿಯರು ಗುಂಪಿಗೆ. “ಹೀಗಾಗುತ್ತೆ. ಇಬ್ಬರು ಗಟ್ಟಿಯಾಗಿ ಹಿಡ್ಕೊಳ್ಳಿ.”

ಇಬ್ಬರು ಮುಂದೆ ಬಂದರು. ಮೇಷ್ಟ್ರು ಹಿಂದೆ ಸರಿದರು. ವೆಲ್ಡಿಂಗಿನವನು, “ಸುಡಲ್ಲ ಮೇಷ್ಟ್ರೇ, ಬನಿಯನ್ನಿಗೂ ಕಬ್ಬಿಣಕ್ಕೂ ನಡುವೆ ಒದ್ದೆ ಬಟ್ಟೆ ತುರುಕ್ತೀನಿ” ಎಂದು ಸಮಾಧಾನ ಹೇಳುತ್ತ ಉರಿಯನ್ನು ಮುಂದೆ ಚಾಚಿದ. ಆಗ ಮೇಷ್ಟ್ರು ಮಾಡಿದ್ದು ಒಂದೇ ಕೆಲಸ: ತಿರುಗಿ ಓಟ ಕಿತ್ತರು. ಚಕ್ರವರ್ತಿಯ ಕವಚ ತೊಟ್ಟ ಐವತ್ತೆರಡು ವರ್ಷದ ಮನುಷ್ಯ ಮೊಲದ ಹಾಗೆ ಬೀದಿಯ ತುದಿಯವರೆಗೆ ಓಡಿದ್ದನ್ನು ನೋಡಿ ಬೀದಿ ದಂಗಾಯಿತು. ಹಿಂದೆ ಹೆಂಡತಿ, “ರೀ, ಚೀಲ ಬಿಟ್ಟಿರಿ! ಚೀಲ!” ಎಂದು ಕೂಗುತ್ತ ಓಡಿಬಂದರು. ಚೀಲದಲ್ಲಿ ಚಕ್ರವರ್ತಿಯ ಶಿರಸ್ತ್ರಾಣವಿತ್ತು.

ತುದಿಯಲ್ಲಿ ಒಂದು ಟ್ಯಾಕ್ಸಿ ಸಿಕ್ಕಿತು. ಸಿಕ್ಕಿತೇನೋ ನಿಜ, ಹತ್ತುವುದು ಹೇಗೆ? ಕವಚ ತೊಡೆಯವರೆಗೆ ಇಳಿಬಿದ್ದಿದ್ದರಿಂದ ಮೇಷ್ಟ್ರು ಕೂರುವ ಹಾಗಿರಲಿಲ್ಲ. ಕೊನೆಗೆ ಹಿಂದಿನ ಸೀಟಿನ ಮೇಲೆ ಬೀರುವನ್ನು ಮಲಗಿಸಿದಂತೆ ಅವರನ್ನು ಅಡ್ಡ ಮಲಗಿಸಿ, ಕಾಲುಗಳನ್ನು ಕಿಟಕಿಯಿಂದ ಹೊರಗೆ ಬಿಟ್ಟರು. ಹೆಂಡತಿ ಮುಂದೆ ಕೂತರು.

ಟ್ಯಾಕ್ಸಿಯವನು ಕಾರನ್ನು ಸುತ್ತುಹಾಕಿ ಹಿಂದಿನ ಚಕ್ರಗಳನ್ನು ಕಾಲಿಂದ ಒತ್ತಿ ನೋಡಿದ. “ಅಕ್ಕಾ, ಹೋಗ್ತಾ ಗಾಳಿ ಹಾಕಿಸ್ಕೊಂಡು ಹೋಗೋಣ. ಇಷ್ಟು ಲೋಡಿಗೆ ಚಕ್ರ ತಡೆಯಲ್ಲ.”

“ಲೋಡಿಲ್ಲ ಕಣಯ್ಯ, ಸ್ಪಂಜು,” ಎಂದಿತು ಹಿಂದಿನ ಸೀಟು.

“ಯಜಮಾನರು ತಮಾಷೆ ಮಾಡ್ತಾರೆ,” ಎಂದು ನಕ್ಕು ಅವನು ನೇರ ಗಾಳಿಯಂಗಡಿಗೆ ಹೋದ. ಅಲ್ಲಿ ಮೂರು ಲಾರಿಗಳು ಸಾಲಲ್ಲಿದ್ದವು. ಕಾಯುವಷ್ಟೂ ಹೊತ್ತು ಹೋಗಿಬರುವವರೆಲ್ಲ ಕಿಟಕಿಯಿಂದ ಚಾಚಿದ್ದ ಮೇಷ್ಟ್ರ ಕಾಲು ನೋಡಿ, ಬಗ್ಗಿ ಮುಖ ನೋಡಿ, ಎದೆಗೆ ಒಂದೊಂದು ಪೆಟ್ಟು ಕೊಟ್ಟು, ‘ಠಣ್’ ಕೇಳಿಸಿಕೊಂಡು ಹೋದರು. ಇವರ ಸರದಿ ಬರುವ ಹೊತ್ತಿಗೆ ತಾನು ಮನುಷ್ಯನೋ ಶಾಲೆಯ ಗಂಟೆಯೋ ಎಂದು ಮೇಷ್ಟ್ರಿಗೇ ಗುಮಾನಿ ಬಂದಿತ್ತು.

ಸ್ಟುಡಿಯೋ ತಲುಪಿದಾಗ ಹನ್ನೆರಡೂ ಇಪ್ಪತ್ತು. ಮೇಷ್ಟ್ರ ತಲೆಯಿಂದ ಬೆವರು ಧಾರೆಯಾಗಿ ಇಳಿಯುತ್ತಿತ್ತು. ಮಲಗಿ ಮಲಗಿ ಸೊಂಟ ಹಿಡಿದಿತ್ತು. ಓಡುವಾಗ ಉಳುಕಿದ ಎಡಗಾಲು ಈಗ ಊದಿತ್ತು. ಒಂದೊಂದೇ ಹೆಜ್ಜೆಯನ್ನು ನೆಲದಿಂದ ಕಿತ್ತು ಕಿತ್ತು ಇಡುತ್ತ, ಏದುಸಿರು ಬಿಡುತ್ತ ಅವರು ದೊಡ್ಡ ಶೆಡ್ಡಿನ ಬಾಗಿಲಲ್ಲಿ ಕಾಣಿಸಿಕೊಂಡರು.

ಒಳಗೆ ನಿರ್ದೇಶಕ ಗಡಿಯಾರ ನೋಡಿಕೊಂಡು ಸಹಾಯಕನಿಗೆ ಏನೋ ಸಿಡುಕುತ್ತಿದ್ದವನು ತಲೆಯೆತ್ತಿದ. ಬೆರಳುಗಳಿಂದ ಚೌಕಟ್ಟು ಮಾಡಿ ಒಂದು ಕಣ್ಣು ಮುಚ್ಚಿದ.

“ಯಾರೂ ಮಾತಾಡಬೇಡಿ,” ಎಂದ. “ಮೇಷ್ಟ್ರೇ, ಹಾಗೇ ನಡ್ಕೊಂಡು ಬನ್ನಿ.”

ಮೇಷ್ಟ್ರಿಗೆ ಬೇರೆ ಥರ ನಡೆಯಲು ಬರುತ್ತಲೂ ಇರಲಿಲ್ಲ. ಕುಂಟುತ್ತ ಬಂದರು. ನಿರ್ದೇಶಕ ಅವರ ಸುತ್ತ ಒಂದು ಸುತ್ತು ಹಾಕಿದ. ಎರಡು ಸುತ್ತು ಹಾಕಿದ. ಅವನ ಕಣ್ಣಲ್ಲಿ ನೀರಾಡಿತು.

“ಈ ತುಕ್ಕು... ಈ ಏಟುಗಳು... ಈ ಭಾರ! ಇದು ನೂರು ಯುದ್ಧ ನೋಡಿದ ಕಬ್ಬಿಣ. ನಾನು ಎರಡು ವರ್ಷದಿಂದ ಕನಸಲ್ಲಿ ನೋಡ್ತಿದ್ದದ್ದು ಇದನ್ನೇ.” ಅವನು ಮೇಷ್ಟ್ರ ಕೈ ಹಿಡಿದು ಕುಲುಕಿದ. “ಇನ್ನೂರೂ ನಿಮ್ಮದೇ ಮೇಷ್ಟ್ರೇ. ಕಾಗದ ಪತ್ರ ಈಗಲೇ ಮಾಡೋಣ.”

ಮೇಷ್ಟ್ರಿಗೆ ಕಾಲಿನ ನೋವು, ಸೊಂಟದ ನೋವು, ಬೆಳಗಿನಿಂದ ಆದ ಅವಮಾನ ಎಲ್ಲ ಒಂದೇ ಸಲಕ್ಕೆ ಇಳಿದುಹೋಯಿತು. ಹೆಂಡತಿಯ ಕಡೆ ತಿರುಗಿ ನೋಡಿದರು. ಆಕೆ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು.

“ಒಂದು ನಿಮಿಷ.”

ಮೂಲೆಯ ಕುರ್ಚಿಯಿಂದ ದನಿ ಬಂತು. ನಾಯಕ ನಟರು ಎದ್ದು ನಿಂತಿದ್ದರು. ಚಕ್ರವರ್ತಿ ಅವರೇ.

“ನಾನು ಇದನ್ನ ಹಾಕಲ್ಲ.”

“ಯಾಕೆ ಸಾರ್?”

“ಯಾಕೆ ಅಂತ ಕೇಳ್ತೀರಾ? ಆ ಮನುಷ್ಯನ್ನ ನೋಡಿ! ಇನ್ನೈದು ನಿಮಿಷ ಬಿಟ್ರೆ ಬಿದ್ದೇ ಹೋಗ್ತಾರೆ. ಡಾಕ್ಟರು ನನಗೆ ಎರಡು ಕಿಲೋಗಿಂತ ಜಾಸ್ತಿ ಎತ್ತಬಾರದು ಅಂದಿದ್ದಾರೆ. ಬೆನ್ನು ನಂದು.”

“ಸಾರ್, ಇದು ಸ್ಪಂಜು ಸಾರ್!” ಮೇಷ್ಟ್ರು ಕುಂಟುತ್ತಲೇ ಅವರ ಹತ್ತಿರ ಓಡಿದರು. “ಎರಡು ಕಿಲೋನೂ ಇಲ್ಲ. ಓಡಿ ಬಂದಿದ್ದಕ್ಕೆ ಬೆವರು, ಕಾಲು ಉಳುಕಿದ್ದಕ್ಕೆ ಕುಂಟು. ಭಾರಕ್ಕಲ್ಲ!”

ನಾಯಕರು ಬೆರಳ ಗೆಣ್ಣಿನಿಂದ ಎದೆಗೆ ಕುಟ್ಟಿದರು. ‘ಠಣ್’. “ಮೇಷ್ಟ್ರೇ, ನಿಮಗೆ ಕೆಲಸ ಬೇಕು, ನನಗೆ ಅರ್ಥ ಆಗುತ್ತೆ. ಅದಕ್ಕೆ ನನ್ನ ಬೆನ್ನು ಮುರೀಬೇಡಿ.”

ಹೆಂಡತಿ ಮುಂದೆ ಬಂದರು. “ನನ್ನ ಮಾತು ಕೇಳಿ ಸಾರ್. ಎರಡು ತಿಂಗಳಿಂದ ನಾನು ದಿನಾ ಇದನ್ನ ಒಂದು ಕೈಯಲ್ಲೆತ್ತಿ ಇನ್ನೊಂದು ಕೈಯಲ್ಲಿ ಕಸ ಗುಡಿಸಿದ್ದೀನಿ.”

ನಾಯಕರು ಆಕೆಯನ್ನು ಮೇಲಿಂದ ಕೆಳಗೆ ನೋಡಿ ಗೌರವದಿಂದ ಕೈ ಮುಗಿದರು. “ಅಮ್ಮಾ, ನಿಮ್ಮದು ಗಟ್ಟಿ ಜನರ ಮನೆ. ನಂದು ಹಾಗಲ್ಲ.” ಅವರು ತಮ್ಮ ಕನ್ನಡಕ ಹಾಕಿಕೊಂಡು ಕಾರಿನ ಕಡೆ ಹೊರಟರು.

ನಾಯಕರು ಹೋದರೆ ಚಕ್ರವರ್ತಿ ಇಲ್ಲ. ಚಕ್ರವರ್ತಿ ಇಲ್ಲದಿದ್ದರೆ ಇನ್ನೂರು ಜನ ಸೈನಿಕರು ಯಾರ ಹಿಂದೆ ಹೋಗಬೇಕು? ಮೇಷ್ಟ್ರು ಒಂದು ಕ್ಷಣ ಕಣ್ಣು ಮುಚ್ಚಿದರು. ಎರಡು ತಿಂಗಳು ಕಣ್ಣ ಮುಂದೆ ಹಾದುಹೋಯಿತು: ಒಂದೊಂದು ಗುಂಡಿ, ಒಂದೊಂದು ಚಮಚದೇಟು. ಕಣ್ಣು ತೆರೆದು, ಪಕ್ಕದಲ್ಲಿ ನಿಂತಿದ್ದ ದರ್ಜಿಯ ಕೈಯಿಂದ ಕತ್ತರಿ ಕಸಿದು ಹೆಂಡತಿಗೆ ಕೊಟ್ಟರು.

“ಕತ್ತರಿಸು.”

“ಏನ್ರೀ ಹೇಳ್ತಿದ್ದೀರಿ?”

“ಕಂಕುಳಿಂದ ಕೆಳಗಿನವರೆಗೂ. ಎಲ್ಲರಿಗೂ ಕಾಣೋ ಹಾಗೆ ಕತ್ತರಿಸು.”

ಹೆಂಡತಿ ತುಟಿ ಕಚ್ಚಿಕೊಂಡು ಕತ್ತರಿ ಇಳಿಸಿದರು. ನೂರು ಯುದ್ಧ ನೋಡಿದ ಕಬ್ಬಿಣ ಬ್ರೆಡ್ಡಿನ ಹಾಗೆ ಕತ್ತರಿಸಿಕೊಂಡಿತು. ಒಳಗಿನ ಬೂದು ಸ್ಪಂಜು ಹೊರಗೆ ಇಣುಕಿತು. ಮೇಷ್ಟ್ರು ಸಿಪ್ಪೆ ಬಿಡಿಸಿದ ಬಟಾಣಿಯಂತೆ ಪುಳಕ್ಕನೆ ಹೊರಬಂದರು. ಬನಿಯನ್ನಿನಲ್ಲಿ ನಿಂತು, ಕವಚವನ್ನು ಕಿರುಬೆರಳಿಗೆ ತೂಗುಹಾಕಿ ಎತ್ತಿ ಹಿಡಿದರು.

“ನೋಡಿ ಸಾರ್!”

ನಾಯಕರು ಅರ್ಧ ದಾರಿಯಿಂದ ವಾಪಸ್ಸು ಬಂದರು. ತಮ್ಮ ಕಿರುಬೆರಳಿಗೆ ತೂಗುಹಾಕಿಕೊಂಡರು. ಬಾಯಿ ಬಿಟ್ಟರು. “ಅಯ್ಯೋ, ನನ್ನ ಕೋಟಿಗಿಂತ ಹಗುರ ಇದೆಯಲ್ಲ!” ಎಂದು ಮಗುವಿನ ಹಾಗೆ ನಕ್ಕು, ತೊಟ್ಟುಕೊಂಡು, ಕತ್ತರಿಸಿದ ಕಡೆ ದರ್ಜಿಯಿಂದ ಪಿನ್ನು ಹಾಕಿಸಿಕೊಂಡು, ಶೆಡ್ಡಿನ ನಡುವೆ ನಾಲ್ಕು ಹೆಜ್ಜೆ ಕುಣಿದರು. “ಇಂಥದ್ದಾದ್ರೆ ದಿನಕ್ಕೆ ಮೂರು ಯುದ್ಧ ಮಾಡ್ತೀನಿ! ಮೇಷ್ಟ್ರೇ, ನೀವು ಮಾಂತ್ರಿಕರು!”

ಎಲ್ಲರೂ ಚಪ್ಪಾಳೆ ತಟ್ಟಿದರು. ಲೈಟಿನವರು ತಟ್ಟಿದರು, ದರ್ಜಿ ತಟ್ಟಿದ, ಹೆಂಡತಿ ಕತ್ತರಿ ಕೆಳಗಿಟ್ಟು ತಟ್ಟಿದರು. ನಿರ್ದೇಶಕನೊಬ್ಬ ತಟ್ಟಲಿಲ್ಲ. ಅವನು ಬೆರಳಿನ ಚೌಕಟ್ಟಿನೊಳಗಿಂದ ನೋಡುತ್ತಿದ್ದ.

“ಹೋಯ್ತು,” ಎಂದ.

“ಏನು ಹೋಯ್ತು ಸಾರ್?” ಎಂದರು ಮೇಷ್ಟ್ರು.

“ಕಬ್ಬಿಣ.”

“ಅದೇ ಕವಚ ಸಾರ್ ಇದು. ಹತ್ತು ನಿಮಿಷದ ಹಿಂದೆ ನೀವೇ...”

“ಗೊತ್ತು. ಹತ್ತು ನಿಮಿಷದ ಹಿಂದೆ ಅದು ಕಬ್ಬಿಣ ಆಗಿತ್ತು. ಈಗ ಒಳಗೆ ನೋಡಿಬಿಟ್ಟೆನಲ್ಲ ಮೇಷ್ಟ್ರೇ! ಕಣ್ಣು ಒಪ್ತಾ ಇಲ್ಲ.” ಅವನು ಹತ್ತು ಹೆಜ್ಜೆ ಹಿಂದೆ ಹೋಗಿ ನೋಡಿದ. ಕುರ್ಚಿಯ ಮೇಲೆ ಹತ್ತಿ ನೋಡಿದ. ಕ್ಯಾಮೆರಾದೊಳಗಿಂದ ನೋಡಿದ. ಲೈಟು ಆರಿಸಿ ನೋಡಿದ. “ಸ್ಪಂಜು,” ಎಂದ ಕೊನೆಗೆ, ಸತ್ತ ಸುದ್ದಿ ಹೇಳುವವನ ದನಿಯಲ್ಲಿ. ಸಹಾಯಕನ ಕಡೆ ತಿರುಗಿದ. “ನಿನಗೆ ಏನು ಕಾಣುತ್ತೆ?”

“ಇಷ್ಟೊತ್ತು ಕಬ್ಬಿಣ ಕಾಣ್ತಿತ್ತು ಸಾರ್. ನೀವು ಹೇಳಿದ ಮೇಲೆ... ಸ್ಪಂಜೇ.”

“ನನಗಂತೂ ಚಪ್ಪಲಿ ಕಾಣ್ತಿದೆ,” ಎಂದ ಲೈಟಿನವನೊಬ್ಬ ಮೇಲಿನಿಂದ. ಚಪ್ಪಾಳೆ ತಟ್ಟಿದವರೆಲ್ಲ ಒಬ್ಬೊಬ್ಬರಾಗಿ ತಲೆ ವಾರೆ ಮಾಡಿ ನೋಡಿದರು, ಒಬ್ಬೊಬ್ಬರಾಗಿ ಲೊಚಗುಟ್ಟಿದರು. ನಾಯಕರೂ ಕುಣಿಯುವುದನ್ನು ನಿಲ್ಲಿಸಿ, ಬಗ್ಗಿ ತಮ್ಮ ಎದೆಯನ್ನು ತಾವೇ ಅನುಮಾನದಿಂದ ನೋಡಿಕೊಂಡರು.

ನಿರ್ದೇಶಕ ಬನಿಯನ್ನಿನ ಮೇಷ್ಟ್ರ ಹೆಗಲ ಮೇಲೆ ಕೈ ಹಾಕಿ ಮೂಲೆಗೆ ಕರೆದುಕೊಂಡು ಹೋದ.

“ಇನ್ನೊಂದು ಮಾಡ್ಕೊಂಡು ಬನ್ನಿ. ಅದು ಬಂದ ಮೇಲೆ ಆ ಇನ್ನೂರರ ಮಾತು. ಇದೇ ಅಳತೆ, ಇದೇ ಬಣ್ಣ, ಇದೇ ತುಕ್ಕು. ಒಂದು ಕೂದಲೆಳೆ ಆಚೀಚೆ ಆಗಬಾರದು.”

“ಎಲ್ಲಾ ಇದೇ ಆದ್ರೆ, ಬದಲಾಯಿಸಬೇಕಾಗಿದ್ದು ಏನು ಸಾರ್?”

ನಿರ್ದೇಶಕ ಅತ್ತ ಇತ್ತ ನೋಡಿ, ಮೇಷ್ಟ್ರ ಕಿವಿಯ ಹತ್ತಿರ ಬಾಯಿ ತಂದ. “ಯಾವುದರಲ್ಲಿ ಮಾಡಿದ್ದು ಅಂತ ಮಾತ್ರ ನನಗೆ ಹೇಳಬೇಡಿ.”

ಮೇಷ್ಟ್ರು ಕುಂಟುತ್ತ ವಾಪಸ್ಸು ಬಂದರು. ಹೆಂಡತಿ ಸೆರಗು ಬಿಗಿದು ಕಾಯುತ್ತಿದ್ದರು.

“ಏನಂತ್ರೀ?”

“ತುಂಬಾ ಚೆನ್ನಾಗಿದೆಯಂತೆ,” ಎಂದರು ಮೇಷ್ಟ್ರು. “ಅದಕ್ಕೇ ಇನ್ನೊಂದು ಸಲ ಮಾಡಬೇಕಂತೆ.”